ಕಾರು ಚಾರ್ಜ್ ಆಗಲು ಎಷ್ಟು ಹೊತ್ತು? – ‘ವಿದ್ಯುತ್ ಸಾಮರ್ಥ್ಯ’ ಪಾಠವನ್ನು ಎರಡು ಸಲ ಮಾಡಿದ ಅನುಭವ

ಬೋಧನಾಭ್ಯಾಸದ ನಾಲ್ಕನೇ ವಾರದಲ್ಲಿ ನಾನು ಹತ್ತನೇ ತರಗತಿಗೆ ‘ವಿದ್ಯುತ್ ಸಾಮರ್ಥ್ಯ’ ಎಂಬ ಭಾಗವನ್ನು ಎರಡು ಸಲ ಪಾಠ ಮಾಡಿದೆ. ಮೊದಲ ಸಲ ಪಾಠಯೋಜನೆಯಲ್ಲಿ ಬರೆದಿದ್ದೆಲ್ಲವೂ ನಡೆಯಿತು. ಮಕ್ಕಳು ಉತ್ತರ ಹೇಳಿದರು, ಕಪ್ಪುಹಲಗೆ ಕೆಲಸ ಅಚ್ಚುಕಟ್ಟಾಗಿತ್ತು, ಗಂಟೆ ಹೊಡೆಯುವ ಮೊದಲೇ ಮನೆಗೆಲಸವನ್ನೂ ಕೊಟ್ಟಿದ್ದೆ. ಆದರೂ ಆ ಪಾಠ ಸರಿಯಾಗಿರಲಿಲ್ಲ. ಸರಿಯಾಗಿಲ್ಲ ಎಂಬುದು ಪಾಠಕ್ಕೆ ಹೋಗುವ ಮುಂಚೆಯೇ ನನಗೆ ಅರ್ಧ ಗೊತ್ತಿತ್ತು. ಅದನ್ನು ಇಲ್ಲಿ ಬರೆಯುತ್ತಿರುವುದು, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಇದೇ ಉದಾಹರಣೆಯನ್ನು ತೆಗೆದುಕೊಂಡರೆ ನನ್ನ ತಪ್ಪನ್ನೇ ಮತ್ತೆ ಮಾಡದಿರಲಿ ಎಂದು.

ನನಗೆ ಕೊಟ್ಟಿದ್ದು ಹಿರಿಯೂರು ಮತ್ತು ಚಿತ್ರದುರ್ಗದ ನಡುವೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಪ್ರೌಢಶಾಲೆ. ತರಗತಿಯಲ್ಲಿ 38 ಮಕ್ಕಳು. ಪಠ್ಯಪುಸ್ತಕದ ಲೆಕ್ಕ ನಮಗೆಲ್ಲ ಗೊತ್ತಿರುವುದೇ: 400 ವ್ಯಾಟ್‌ನ ರೆಫ್ರಿಜರೇಟರ್ ದಿನಕ್ಕೆ 8 ಗಂಟೆಯಂತೆ 30 ದಿನ ನಡೆದರೆ, ಯೂನಿಟ್‌ಗೆ 3 ರೂಪಾಯಿಯಂತೆ ಖರ್ಚೆಷ್ಟು? 96 ಯೂನಿಟ್, 288 ರೂಪಾಯಿ. ಮಕ್ಕಳು ಇದನ್ನು ಗಣಿತದ ಲೆಕ್ಕದಂತೆ ಮಾಡಿ ಮುಗಿಸುತ್ತಾರೆ. ಕಿಲೋವ್ಯಾಟ್ ಬೇರೆ, ಕಿಲೋವ್ಯಾಟ್ ಗಂಟೆ ಬೇರೆ ಎಂಬುದು ಅವರ ತಲೆಗೆ ಹೋಗಿರುವುದಿಲ್ಲ. ಕಳೆದ ವರ್ಷ ಬೆಂಗಳೂರಿನಲ್ಲಿ ನಮ್ಮ ಚಿಕ್ಕಪ್ಪ ಟಾಟಾ ನೆಕ್ಸಾನ್ ಇವಿ ತೆಗೆದುಕೊಂಡಿದ್ದರು. ಅದರ ಬ್ಯಾಟರಿ 40.5 ಕಿಲೋವ್ಯಾಟ್ ಗಂಟೆಯದು. ಬ್ಯಾಟರಿಯ ಮೇಲೆ ಬರೆದಿರುವುದು ಕಿಲೋವ್ಯಾಟ್ ಗಂಟೆ, ಚಾರ್ಜರಿನ ಮೇಲೆ ಬರೆದಿರುವುದು ಕಿಲೋವ್ಯಾಟ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವುದು ಗಂಟೆ. ಎರಡು ಮಾನಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗಲಾರದು ಅನ್ನಿಸಿತು. ಹೊಸ ಕಾಲದ ಉದಾಹರಣೆ ಕೊಟ್ಟರೆ ಅವಲೋಕನಕ್ಕೆ ಬರುವ ಮೇಡಂ ಮೆಚ್ಚುತ್ತಾರೆ ಎಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಪಾಠ

ಪೂರ್ವಜ್ಞಾನ ಪರೀಕ್ಷೆಗೆ ನಲ್ಲಿ ಮತ್ತು ಕೊಡದ ಪ್ರಶ್ನೆ ಇಟ್ಟುಕೊಂಡಿದ್ದೆ. ಆ ಊರಿನಲ್ಲಿ ನೀರು ಬಿಡುವುದು ಎರಡು ದಿನಕ್ಕೊಮ್ಮೆ. ಕೊಡ ಎಷ್ಟು ದೊಡ್ಡದು, ನಲ್ಲಿಯಲ್ಲಿ ನೀರು ಎಷ್ಟು ರಭಸ, ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬ ಲೆಕ್ಕ ಅಲ್ಲಿನ ಪ್ರತಿ ಹುಡುಗಿಗೂ ಬಾಯಿಪಾಠ. ಕೊಡದಲ್ಲಿ ಹಿಡಿಯುವ ನೀರು ಕಿಲೋವ್ಯಾಟ್ ಗಂಟೆ, ನಲ್ಲಿಯ ರಭಸ ಕಿಲೋವ್ಯಾಟ್ ಎಂದಾಗ ತರಗತಿ ತಕ್ಷಣ ಹಿಡಿದುಕೊಂಡಿತು. ಇಷ್ಟರಮಟ್ಟಿಗೆ ಪಾಠ ಚೆನ್ನಾಗಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ.

ಆಮೇಲೆ ಸೂತ್ರ. ಸಾಮರ್ಥ್ಯ ಎಂದರೆ ವಿಭವಾಂತರ ಮತ್ತು ವಿದ್ಯುತ್ ಪ್ರವಾಹದ ಗುಣಲಬ್ಧ. ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ 230 ವೋಲ್ಟ್‌ಗೆ ಹೆಚ್ಚೆಂದರೆ 3,450 ವ್ಯಾಟ್. ಆದ್ದರಿಂದ ಅಲ್ಲಿ ಬಳಸುವ ಚಾರ್ಜರನ್ನು 3.3 ಕಿಲೋವ್ಯಾಟ್ ಎಂದು ತೆಗೆದುಕೊಂಡೆವು. ಗೋಡೆಗೆ ಬೇರೆಯಾಗಿ ಕೂರಿಸುವ ಪೆಟ್ಟಿಗೆ 32 ಆಂಪಿಯರ್‌ನದು. 230ರಿಂದ ಗುಣಿಸಿದರೆ 7,360 ವ್ಯಾಟ್, ಅದನ್ನು 7.2 ಕಿಲೋವ್ಯಾಟ್ ಎಂದು ಕರೆಯುತ್ತಾರೆ. ಹೆದ್ದಾರಿ ಬದಿಯ ವೇಗದ ಚಾರ್ಜರ್ 50 ಕಿಲೋವ್ಯಾಟ್.

ಬ್ಯಾಟರಿ ಶೇ. 10ರಿಂದ ಶೇ. 100ಕ್ಕೆ ಹೋಗಲು ಬೇಕಾದದ್ದು 36.45 ಯೂನಿಟ್. ಮಕ್ಕಳು ಭಾಗಾಕಾರ ಮಾಡಿದರು: ಸಾಮಾನ್ಯ ಸಾಕೆಟ್ಟಿನಲ್ಲಿ 11 ಗಂಟೆ, ಗೋಡೆಯ ಪೆಟ್ಟಿಗೆಯಲ್ಲಿ 5 ಗಂಟೆ. ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಶೇ. 80ರವರೆಗೆ ಮಾತ್ರ ತುಂಬಿಸುವುದರಿಂದ 28.35 ಯೂನಿಟ್, 50ರಿಂದ ಭಾಗಿಸಿದರೆ 34 ನಿಮಿಷ. ಈ ಮೂರು ಉತ್ತರಗಳಿಗೂ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚೌಕ ಹಾಕಿದೆ.

ಆಗ ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಕೈ ಎತ್ತಿರಲಿಲ್ಲ.

“ಮಿಸ್, ಅರ್ಧ ಗಂಟೆಗೆ ಆಗಲ್ಲ ಅದು. ಒಂದ್ ಗಂಟೆನಾದ್ರೂ ಬೇಕು. ಎಂಬತ್ತಾದ್ಮೇಲೆ ಅಂತೂ ಕುಂಟುತ್ತೆ.”

ತರಗತಿ ನಕ್ಕಿತು. ಹಿಂದೆ ಮೇಡಂ ಕೂತಿದ್ದರು, ಇನ್ನು ಒಂಬತ್ತು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. ನಾನು ಹೇಳಿದ್ದು: “ಮೊದಲು ಲೆಕ್ಕ ಬರ್ಕೊಳಪ್ಪ, ಅದನ್ನ ಆಮೇಲೆ ನೋಡೋಣ.” ಹುಡುಗ ಕೂತ. ಆ ‘ಆಮೇಲೆ’ ಬರಲಿಲ್ಲ.

ಅವಲೋಕನ ಪುಸ್ತಕದಲ್ಲಿ ಮೇಡಂ ಪೀಠಿಕೆ, ಧ್ವನಿ, ಕಪ್ಪುಹಲಗೆ ಕೆಲಸ ಎಲ್ಲಕ್ಕೂ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಕೊನೆಯಲ್ಲಿ ಒಂದು ಸಾಲು: “ವಿದ್ಯಾರ್ಥಿ ಹೇಳಿದ ಸಮಯ ಸರಿಯೋ ತಪ್ಪೋ ತರಗತಿಗೆ ಗೊತ್ತಾಗಲಿಲ್ಲ.”

ನನಗೆ ಗೊತ್ತಿತ್ತು. ನಾನು ಚುಚ್ಚಿಕೊಂಡದ್ದು ಅಲ್ಲೇ. ಪಾಠಯೋಜನೆ ಬರೆಯುವ ದಿನ ಆ ಕಾರಿನ ವಿವರ ನೋಡಿದ್ದೆ. 50 ಕಿಲೋವ್ಯಾಟ್ ಚಾರ್ಜರಿನಲ್ಲಿ ಶೇ. 10ರಿಂದ 80ಕ್ಕೆ 56 ನಿಮಿಷ ಎಂದು ಕಂಪನಿಯೇ ಹೇಳಿತ್ತು. 7.2 ಕಿಲೋವ್ಯಾಟ್‌ನಲ್ಲಿ ಸುಮಾರು 6 ಗಂಟೆ, 15 ಆಂಪಿಯರ್ ಸಾಕೆಟ್ಟಿನಲ್ಲಿ ಸುಮಾರು 15 ಗಂಟೆ. ನನ್ನ ಭಾಗಾಕಾರದ ಮೂರು ಉತ್ತರಗಳೂ ಇದಕ್ಕಿಂತ ಕಡಿಮೆ. ಸೂತ್ರಕ್ಕೆ ಹೊಂದುವುದಿಲ್ಲ, ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಆ ಸಂಖ್ಯೆಗಳನ್ನು ಕೈಬಿಟ್ಟಿದ್ದೆ. ಗೊತ್ತಿದ್ದೂ ಬಿಟ್ಟ ಸಂಖ್ಯೆಯನ್ನೇ ಹುಡುಗ ಎದ್ದು ನಿಂತು ಹೇಳಿದ, ನಾನು ಅವನನ್ನು ಕೂರಿಸಿದೆ.

ಮಧ್ಯಾಹ್ನ ಸಿಬ್ಬಂದಿ ಕೊಠಡಿಯಲ್ಲಿ ಆ ಶಾಲೆಯ ವಿಜ್ಞಾನ ಶಿಕ್ಷಕರು ಇನ್ನೊಂದು ವಿಷಯ ಹೇಳಿದರು. ಆ ಹುಡುಗನ ಅಣ್ಣ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಟೀ ಮಾಸ್ಟರ್. ತಾಯಿ ಊರಲ್ಲಿಲ್ಲದ್ದರಿಂದ ಹುಡುಗ ಸಂಜೆ ಅಣ್ಣನ ಪಾಳಿ ಮುಗಿಯುವವರೆಗೆ ಅಲ್ಲೇ ಕೂತಿರುತ್ತಾನೆ. ಹೋಟೆಲಿನ ಅಂಗಳದಲ್ಲೇ ಚಾರ್ಜಿಂಗ್ ಪೆಟ್ಟಿಗೆ ಇದೆ. “ಈ ವರ್ಷ ನನ್ನ ಪಿರಿಯಡ್‌ನಲ್ಲಿ ಅವನು ತಾನಾಗಿ ಬಾಯಿ ಬಿಟ್ಟಿದ್ದೇ ಇಲ್ಲಮ್ಮ,” ಎಂದರು. ಅವರು ಅದನ್ನು ನನ್ನ ಹೆಗ್ಗಳಿಕೆ ಎಂಬಂತೆ ಹೇಳಿದರು. ನನಗೆ ಊಟ ಸೇರಲಿಲ್ಲ.

ಎರಡನೆಯ ಪಾಠಕ್ಕೆ ತಯಾರಿ

ಮರುದಿನ ಹುಡುಗನನ್ನು ಕರೆದು, ನೀನು ಹೇಳಿದ್ದು ಸರಿ, ನಿನ್ನೆ ನಾನು ಅದನ್ನು ಹೇಳಬೇಕಿತ್ತು ಎಂದೆ. ಅವನು ನೆಲ ನೋಡುತ್ತಾ ನಿಂತಿದ್ದ. ಮುಂದಿನ ಸಲ ಯಾವುದಾದರೂ ಕಾರು ಬಂದಾಗ ಪೆಟ್ಟಿಗೆಯ ಪರದೆಯಲ್ಲಿ ಕಾಣುವ ಸಂಖ್ಯೆಗಳನ್ನು ಬರೆದುಕೊಂಡು ಬರುತ್ತೀಯಾ, ಕಾರಿನವರನ್ನು ಕೇಳಿಯೇ ಬರಿ ಎಂದೆ. “ಗನ್ ಮುಟ್ಟಬೇಡ, ದೂರದಿಂದ ನೋಡು,” ಎಂದು ಸೇರಿಸಿದೆ. ಮೂರು ದಿನ ಏನೂ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟ.

ಅದೇ ಮಾದರಿಯ ಕಾರು; ಮಾಲೀಕರನ್ನು ಕೇಳಿ ಬ್ಯಾಟರಿ 40.5 ಎಂದು ಬರೆದುಕೊಂಡಿದ್ದ. 6.05ಕ್ಕೆ ಶೇ. 34. 6.45ಕ್ಕೆ ಶೇ. 80. 7.20ಕ್ಕೆ ಶೇ. 95, ಆಗ ಕಾರು ಹೊರಟಿತು. ನಡುವೆ ಇನ್ನೂ ಎಂಟು ಸಲ ಬರೆದಿದ್ದ. ಪರದೆಯ ಮೇಲಿನ ಕಿಲೋವ್ಯಾಟ್ ಸಂಖ್ಯೆಯನ್ನೂ ಬರೆದಿದ್ದ: ಆರಂಭದಲ್ಲಿ 29, ಕೊನೆಯಲ್ಲಿ 7. ಹಾಳೆಯ ಮೂಲೆಯಲ್ಲಿ ಒಂದು ಟಿಪ್ಪಣಿ, “ಫ್ಯಾನ್ ಸೌಂಡ್ ಮೊದಲು ಜೋರು, ಆಮೇಲೆ ಕಮ್ಮಿ.” ಪದವಿಯ ಪ್ರಯೋಗಾಲಯದಲ್ಲಿ ಮೂರು ವರ್ಷ ವಾಚನಗಳನ್ನು ತೆಗೆದ ನನಗೂ ಫ್ಯಾನಿನ ಸದ್ದನ್ನು ಬರೆಯಬೇಕೆಂದು ಹೊಳೆಯುತ್ತಿರಲಿಲ್ಲ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಶನಿವಾರದ ಎರಡು ಅವಧಿಗಳನ್ನು ಒಟ್ಟಿಗೆ ತೆಗೆದುಕೊಂಡೆ.

ಕಾಣೆಯಾದ 22 ನಿಮಿಷ

ಈ ಸಲ ಕಪ್ಪುಹಲಗೆಯ ಮೇಲೆ ಎರಡು ಸಾಲು ಮಾತ್ರ ಬರೆದೆ. ನಮ್ಮ ಲೆಕ್ಕ: 34 ನಿಮಿಷ. ಕಂಪನಿ ಹೇಳುವುದು: 56 ನಿಮಿಷ. ಉಳಿದ 22 ನಿಮಿಷ ಎಲ್ಲಿ ಹೋಯಿತು?

ಮಕ್ಕಳ ಉತ್ತರಗಳನ್ನು ತಿದ್ದದೆ ಬರೆದುಕೊಂಡೆ. ಕರೆಂಟ್ ಕಮ್ಮಿ ಬಂದಿರಬೇಕು. ವೈರಿನಲ್ಲಿ ಸೋರಿಹೋಗುತ್ತೆ. ಕಂಪನಿಯವರು ಜಾಸ್ತಿ ಹೇಳ್ತಾರೆ. ಬ್ಯಾಟರಿ ಬಿಸಿಯಾಗುತ್ತೆ. 50 ಅಂತ ಬರೆದಿರ್ತಾರೆ, ಕೊಡಲ್ಲ. ಕೊನೆಯದನ್ನು ಹೇಳಿದ ಹುಡುಗಿಗೆ ನಮ್ಮ ನಲ್ಲಿಯ ಅನುಭವವೇ ಆಧಾರವಾಗಿರಬೇಕು!

ಅವಳ ಉತ್ತರದಿಂದಲೇ ಹೊರಟೆವು. 28.35 ಯೂನಿಟ್ 56 ನಿಮಿಷದಲ್ಲಿ ತುಂಬಿದರೆ ಸರಾಸರಿ ಸಾಮರ್ಥ್ಯ ಎಷ್ಟು? ತಿರುಗಾ ಲೆಕ್ಕ ಹಾಕಿದರೆ ಸುಮಾರು 30 ಕಿಲೋವ್ಯಾಟ್. ಹಾಗಾದರೆ ಪೆಟ್ಟಿಗೆಯ ಮೇಲಿನ 50 ಸುಳ್ಳೇ? ಸುಳ್ಳಲ್ಲ, ಅದು ಗರಿಷ್ಠ ಮಿತಿ. ಇಲ್ಲಿ ಸಾಮರ್ಥ್ಯದ ಸೂತ್ರಕ್ಕೆ ನಿಜವಾದ ಕೆಲಸ ಬಂತು. ಒಂದು ಪೆಟ್ಟಿಗೆ ಹೆಚ್ಚೆಂದರೆ 100 ಆಂಪಿಯರ್ ಹರಿಸಬಲ್ಲದು ಎಂದಿಟ್ಟುಕೊಳ್ಳಿ. ಎದುರಿಗಿರುವ ಬ್ಯಾಟರಿಯ ವಿಭವಾಂತರ 500 ವೋಲ್ಟ್ ಇದ್ದರೆ 50 ಕಿಲೋವ್ಯಾಟ್ ಆಗುತ್ತದೆ. 320 ವೋಲ್ಟ್ ಇದ್ದರೆ 32 ಮಾತ್ರ. ಪೆಟ್ಟಿಗೆ ಅದೇ, ಪ್ರವಾಹ ಅದೇ, ಕಾರು ಬೇರೆ. ಇದಲ್ಲದೆ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಕಾರಿನ ಒಳಗಿನ ನಿಯಂತ್ರಣ ವ್ಯವಸ್ಥೆ ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಬ್ಯಾಟರಿ ಬಿಸಿಯಿದ್ದರೆ ಕಡಿಮೆ ಕೇಳುತ್ತದೆ. ಕೆಲವು ಪೆಟ್ಟಿಗೆಗಳಿಗೆ ಎರಡು ಗನ್ ಇರುತ್ತವೆ. ಇನ್ನೊಂದು ಕಾರು ಬಂದರೆ ಸಾಮರ್ಥ್ಯ ಹಂಚಿಹೋಗುತ್ತದೆ. ಈ ಎರಡು ಗನ್ನಿನ ವಿಷಯವನ್ನು ಹೇಳಿದ್ದು ನಾನಲ್ಲ, ಅದೇ ಹುಡುಗ. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಅವನ ಹಾಳೆ. ಅಡ್ಡಕ್ಕೆ ನಿಮಿಷ, ಉದ್ದಕ್ಕೆ ಶೇಕಡಾ ಇಟ್ಟು ನಕ್ಷೆ ಎಳೆಯಲು ಅವನನ್ನೇ ಕರೆದೆ. 80ರವರೆಗೆ ಗೆರೆ ಹೆಚ್ಚುಕಡಿಮೆ ನೇರವಾಗಿ ಏರಿತು, ಅಲ್ಲಿಂದ ಬಗ್ಗಿ ಮಲಗಿತು. ಗುಂಪುಗಳು ಎರಡೂ ಭಾಗಗಳ ಲೆಕ್ಕ ಹಾಕಿದವು. ಮೊದಲ 40 ನಿಮಿಷದಲ್ಲಿ ಶೇ. 46, ಅಂದರೆ 18.6 ಯೂನಿಟ್, ಸರಾಸರಿ 28 ಕಿಲೋವ್ಯಾಟ್. ಮುಂದಿನ 35 ನಿಮಿಷದಲ್ಲಿ ಶೇ. 15 ಮಾತ್ರ, 6 ಯೂನಿಟ್ಟು. ಸರಾಸರಿ 10 ಕಿಲೋವ್ಯಾಟ್ ಚಿಲ್ಲರೆ. ‘ಕುಂಟುತ್ತೆ’ ಎಂಬ ಮಾತಿಗೆ ಈಗ ಅಂಕಿಯ ಬೆಲೆ ಬಂತು.

ಯಾಕೆ ಕುಂಟುತ್ತದೆ? ಚಾರ್ಜ್ ಆಗುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟ್‌ನ ಪದರಗಳ ನಡುವೆ ಹೋಗಿ ಸೇರಿಕೊಳ್ಳಬೇಕು. ಕಾರ್ಬನ್ ಪಾಠದಲ್ಲಿ ಗ್ರಾಫೈಟ್ ಪದರಗಳ ಚಿತ್ರ ನೋಡಿದ್ದರಿಂದ ಇದು ಮಕ್ಕಳಿಗೆ ಹೊಸದಾಗಲಿಲ್ಲ. ಮೊದಮೊದಲು ಜಾಗ ಬೇಕಾದಷ್ಟಿರುತ್ತದೆ. ನಮ್ಮೂರ ಬಸ್ಸು ನಿಲ್ದಾಣದಿಂದ ಹೊರಡುವಾಗ ಹತ್ತಿದವರು ಹತ್ತಿದಲ್ಲೇ ಕೂರುತ್ತಾರೆ. ತುಂಬುತ್ತಾ ಬಂದಂತೆ ಒಬ್ಬೊಬ್ಬರೂ ನುಸುಳಿಕೊಂಡು ಖಾಲಿ ಸೀಟು ಹುಡುಕಬೇಕು. ಅಯಾನುಗಳು ಒಳಗೆ ಹೋಗುವುದಕ್ಕಿಂತ ಜೋರಾಗಿ ತಳ್ಳಿದರೆ ಅವು ಗ್ರಾಫೈಟ್‌ನ ಹೊರಗೆ ಲೋಹವಾಗಿ ಕೂರುತ್ತವೆ. ಇದರಿಂದ ಬ್ಯಾಟರಿಯ ಹಿಡಿತ ಕುಗ್ಗುತ್ತದೆ, ಅಪಾಯವೂ ಇದೆ. ಆದ್ದರಿಂದ ಕೋಶದ ವಿಭವಾಂತರ ಒಂದು ಮಿತಿಗೆ ಬಂದ ಮೇಲೆ ಅದನ್ನು ಅಲ್ಲೇ ಹಿಡಿದು, ಪ್ರವಾಹವನ್ನು ಇಳಿಸುತ್ತಾ ಹೋಗುತ್ತಾರೆ. ವಿಭವಾಂತರ ನಿಂತು ಪ್ರವಾಹ ಇಳಿದರೆ ಗುಣಲಬ್ಧ ಏನಾಗಬೇಕು? ಮಕ್ಕಳೇ ಹೇಳಿದರು. ಈ ಬ್ಯಾಟರಿಯ ಕೆಲಸಕ್ಕೆ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋದೆ.

ಕೊಡದ ಹೋಲಿಕೆ ಇಲ್ಲಿ ಸ್ವಲ್ಪ ಕೈಕೊಟ್ಟಿತು. ಕೊಡದ ಕುತ್ತಿಗೆ ಬಂದಾಗ ಚೆಲ್ಲಬಾರದೆಂದು ನಲ್ಲಿ ಸಣ್ಣ ಮಾಡುತ್ತೇವಲ್ಲ, ಹಾಗೇ ಎಂದು ಒಬ್ಬಳು ಹೇಳಿದಳು. ಕೇಳಲು ಚೆನ್ನಾಗಿದೆ. ಆದರೆ ಬ್ಯಾಟರಿಯಲ್ಲಿ ಯಾವುದೂ ಮೇಲಿಂದ ಚೆಲ್ಲುವುದಿಲ್ಲ. ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಬೇರೆ ಎಂಬುದನ್ನು ನಾವೇ ಮುಂಚೆ ಯೋಚಿಸಿಟ್ಟುಕೊಂಡಿರಬೇಕು. ನಾನು ಇಟ್ಟುಕೊಂಡಿರಲಿಲ್ಲ, ಬಸ್ಸಿನ ಹೋಲಿಕೆ ಅಲ್ಲಿ ನಿಂತಲ್ಲೇ ಹೊಳೆದದ್ದು.

ಮನೆಯಲ್ಲಿ: ಒಂದು ರಾತ್ರಿ, ಒಂದು ತಿಂಗಳು

ಮನೆಯ ಚಾರ್ಜಿಂಗ್‌ನಲ್ಲಿ 11 ಗಂಟೆ 15 ಆಗುವುದು ಮಕ್ಕಳಿಗೆ ಹೆಚ್ಚು ಆಶ್ಚರ್ಯ ತಂದಿತು. ಕಾರಣಗಳು ಬೇರೆ. ಮನೆಗೆ ಬರುವುದು ಪರ್ಯಾಯ ವಿದ್ಯುತ್, ಬ್ಯಾಟರಿಗೆ ಬೇಕಾದದ್ದು ನೇರ ವಿದ್ಯುತ್. ಕಾರಿನೊಳಗೇ ಇರುವ ಚಾರ್ಜರ್ ಅದನ್ನು ಬದಲಿಸುತ್ತದೆ, ಬದಲಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ಹೆದ್ದಾರಿಯ ದೊಡ್ಡ ಪೆಟ್ಟಿಗೆ ಈ ಬದಲಾವಣೆಯನ್ನು ಹೊರಗೇ ಮಾಡಿ ನೇರವಾಗಿ ಬ್ಯಾಟರಿಗೆ ಕೊಡುತ್ತದೆ, ಆದ್ದರಿಂದಲೇ ಅದಕ್ಕೆ ಅಷ್ಟು ಗಾತ್ರ, ಅಷ್ಟು ದೊಡ್ಡ ಫ್ಯಾನು. ಹುಡುಗನ ಟಿಪ್ಪಣಿಗೆ ಇಲ್ಲಿ ಅರ್ಥ ಸಿಕ್ಕಿತು. ಇನ್ನೊಂದು, ಸಾಕೆಟ್ಟು ಹಿಡಿಯಬಲ್ಲಷ್ಟನ್ನೂ ಹದಿನೈದು ಗಂಟೆ ಬಿಡದೆ ಎಳೆಯುವುದಿಲ್ಲ. 36.45 ಯೂನಿಟ್ಟನ್ನು 15 ಗಂಟೆಗೆ ಹಂಚಿದರೆ ಬ್ಯಾಟರಿಗೆ ಸೇರಿದ್ದು ಸರಾಸರಿ 2.4 ಕಿಲೋವ್ಯಾಟ್ ಅಷ್ಟೇ.

ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮವನ್ನು ಇಲ್ಲಿ ಪುನರವಲೋಕನ ಮಾಡಿದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. 5 ಆಂಪಿಯರ್ ಹಿಡಿಯಲು ಮಾಡಿದ ಕಡೆ 15 ಹರಿಸಿದರೆ ಒಂಬತ್ತರಷ್ಟು. ನಮ್ಮ ಮನೆಯಲ್ಲಿ ಅಣ್ಣ ಸ್ಕೂಟರನ್ನು ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಚಾರ್ಜಿಗೆ ಹಾಕಿ ಮಲಗಿದ್ದ. ಬೆಳಿಗ್ಗೆ ನೋಡಿದರೆ ಬಾಕ್ಸಿನ ಒಂದು ಮೂಲೆ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಸಡಿಲವಾದ ಜಾಗದಲ್ಲಿ ರೋಧ ಹೆಚ್ಚು. ಆ ಬಾಕ್ಸನ್ನು ಬೋಧನೋಪಕರಣವಾಗಿ ತರಗತಿಗೆ ಒಯ್ದಿದ್ದೆ, ಮೂವತ್ತೆಂಟು ಕೈ ದಾಟಿ ಬಂತು. ನಾನು ಮಾಡಿದ ಯಾವ ಚಾರ್ಟನ್ನೂ ಮಕ್ಕಳು ಇಷ್ಟು ಹೊತ್ತು ನೋಡಿಲ್ಲ. ಕಾರಿಗಾದರೆ ಮೀಟರಿನಿಂದಲೇ ಪ್ರತ್ಯೇಕವಾದ ದಪ್ಪ ವೈರು, ಅದಕ್ಕೇ ಒಂದು ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು; ಮನೆಗೆ ಮಂಜೂರಾದ ವಿದ್ಯುತ್ ಹೊರೆ ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು.

ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ಚೀಲದಿಂದ ಬೆಸ್ಕಾಂ ಬಿಲ್ಲು ತೆಗೆದಳು. ಮನೆಯ ಬಿಲ್ಲು ತರಲು ಹಿಂದಿನ ದಿನ ಹೇಳಿದ್ದೆ. ಯೂನಿಟ್ ಎಂದರೆ ಕಿಲೋವ್ಯಾಟ್ ಗಂಟೆಯೇ ಎಂದು ತೋರಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಅವಳ ಬಿಲ್ಲಿನಲ್ಲಿ 38 ಯೂನಿಟ್ ಇತ್ತು. ಗೃಹಜ್ಯೋತಿ ಇರುವುದರಿಂದ ಕಟ್ಟಬೇಕಾದ ಹಣ ಸೊನ್ನೆ.

“ಮಿಸ್, ಹಂಗಾದ್ರೆ ನಮ್ಮನೆಗೆ ತಿಂಗಳಿಗೆ ಆಗೋ ಕರೆಂಟು ಆ ಕಾರಿಗೆ ಒಂದು ರಾತ್ರಿಗೆ ಆಗೋಗುತ್ತಾ?”

ಆಗುತ್ತದೆ. ಐದು ಜನರ ಮನೆ, ಮೂರು ಬಲ್ಬು, ಒಂದು ಫ್ಯಾನು, ಒಂದು ಟಿವಿ, ಒಂದು ಮಿಕ್ಸಿ. ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಬೇರೆಯವರೂ ತಮ್ಮ ಬಿಲ್ಲು ತೆಗೆದು ‘ನಮ್ಮನೆ ಎಷ್ಟು ಕಾರು’ ಎಂದು ಲೆಕ್ಕ ಹಾಕತೊಡಗಿದರು. ಒಬ್ಬನದು ಎರಡೂಕಾಲು ಕಾರು ಬಂತು, ಅವನ ಮನೆಯಲ್ಲಿ ಹಿಟ್ಟಿನ ಗಿರಣಿ ಇದೆಯೆಂದು ಆಮೇಲೆ ತಿಳಿಯಿತು. ಕಿಲೋವ್ಯಾಟ್ ಗಂಟೆ ಎಂಬ ಮಾನ ಆ ಹತ್ತು ನಿಮಿಷದಲ್ಲಿ ಕುಳಿತಷ್ಟು ನನ್ನ ಮೊದಲ ಪಾಠದ ನಲವತ್ತು ನಿಮಿಷದಲ್ಲಿ ಕುಳಿತಿರಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಬಿಲ್ಲು ತರಲು ಹೇಳಿದಾಗ ಮೂವರು ತರಲಿಲ್ಲ. ಅವರಲ್ಲಿ ಒಬ್ಬನ ಮನೆಗೆ ಮೀಟರೇ ಇಲ್ಲ. ಅದನ್ನು ತರಗತಿಯ ಮುಂದೆ ಕೇಳಿ ತಿಳಿಯುವ ಪ್ರಮೇಯ ಬರದಿದ್ದದ್ದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ. ಎಲ್ಲರಿಗೂ ಒಂದು ಮಾದರಿ ಬಿಲ್ಲು ಕೊಡುವುದೇ ಮೇಲು.

ದಾರಿಯಲ್ಲಿ: ಬೆಂಗಳೂರಿನಿಂದ ಹುಬ್ಬಳ್ಳಿಗೆ

ಕೊನೆಯ ಚಟುವಟಿಕೆ ಪ್ರಯಾಣದ್ದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ., ಶಾಲೆಯ ಮುಂದೆಯೇ ಹೋಗುವ ದಾರಿ. ಹೆದ್ದಾರಿಯ ವೇಗದಲ್ಲಿ 100 ಕಿ.ಮೀ.ಗೆ 15 ಯೂನಿಟ್ ಬೇಕೆಂದು ಇಟ್ಟುಕೊಂಡೆವು. ಒಟ್ಟು 61.5 ಯೂನಿಟ್. ಮನೆಯಿಂದ ಪೂರ್ತಿ ತುಂಬಿಸಿಕೊಂಡು ಹೊರಟು, ಶೇ. 10 ಉಳಿಸಿಕೊಂಡು ತಲುಪಬೇಕು ಎಂದರೆ ದಾರಿಯಲ್ಲಿ ಸುಮಾರು 25 ಯೂನಿಟ್ ತುಂಬಿಸಬೇಕು. ಎಲ್ಲಿ ನಿಲ್ಲಿಸುತ್ತೀರಿ?

ಒಂದು ಗುಂಪು ಚಿತ್ರದುರ್ಗ ಎಂದಿತು. ಸುಮಾರು 200 ಕಿ.ಮೀ., 30 ಯೂನಿಟ್ ಮುಗಿದು ಶೇ. 26 ಉಳಿದಿರುತ್ತದೆ. 25 ತುಂಬಿಸಿದರೆ ಶೇ. 88ಕ್ಕೆ ಹೋಗುತ್ತದೆ, ಅಂದರೆ ಕೊನೆಯ ಭಾಗ ಕುಂಟುವ ಜಾಗದಲ್ಲಿ. ಇನ್ನೊಂದು ಗುಂಪು ಶೇ. 10 ಆಗುವವರೆಗೂ ಓಡಿಸಿತು. ಅದು 243 ಕಿ.ಮೀ., ದಾವಣಗೆರೆಗೆ ಇನ್ನೂ ಸ್ವಲ್ಪ ಮೊದಲು. ಅಲ್ಲಿ ಅದೇ 25 ಯೂನಿಟ್ ತುಂಬಿಸಿದರೆ ಶೇ. 72. ಇಡೀ ಚಾರ್ಜು ನೇರ ಗೆರೆಯ ಭಾಗದಲ್ಲೇ ಮುಗಿಯುತ್ತದೆ. ಯೂನಿಟ್ ಅದೇ, ಪೆಟ್ಟಿಗೆ ಅದೇ ಸಾಮರ್ಥ್ಯದ್ದು, ಸಮಯ ಬೇರೆ. ಭಾಗಾಕಾರ ಮಾತ್ರ ಗೊತ್ತಿದ್ದವರಿಗೆ ಎರಡು ನಿಲುಗಡೆಯೂ ಒಂದೇ ಆಗಿ ಕಾಣುತ್ತಿತ್ತು. ಎರಡನೇ ಗುಂಪು ಗೆದ್ದೆವೆಂದು ಮೇಜು ಕುಟ್ಟಿತು.

“ಅಲ್ಲಿ ಹೋದಾಗ ಕರೆಂಟ್ ಇಲ್ದಿದ್ರೆ?” ಎಂದಳು ಬಿಲ್ಲಿನ ಹುಡುಗಿ. ಶೇ. 10 ಎಂದರೆ 4 ಯೂನಿಟ್, ಅಂದರೆ 27 ಕಿ.ಮೀ. ಅಷ್ಟರೊಳಗೆ ಇನ್ನೊಂದು ಪೆಟ್ಟಿಗೆ ಸಿಗಬೇಕು, ಅದರ ಮುಂದೆ ಸಾಲು ಇರಬಾರದು. ಮೊದಲ ಗುಂಪಿನ ಬಳಿ ಆಗ ಹತ್ತೂವರೆ ಯೂನಿಟ್ ಇರುತ್ತಿತ್ತು, 70 ಕಿ.ಮೀ. ಓಡಬಹುದಿತ್ತು. ತರಗತಿ ಎರಡು ಪಾಲಾಯಿತು. ಶೇ. 26ರಲ್ಲಿ ನಿಲ್ಲಿಸಿ 80ರವರೆಗೆ ತುಂಬಿಸಿ, ಮುಂದೆ ಹಾವೇರಿಯ ಹತ್ತಿರ ಚಹಾ ಕುಡಿಯುವಷ್ಟು ಹೊತ್ತು ಮತ್ತೊಮ್ಮೆ ಹಾಕೋಣ ಎಂಬ ರಾಜಿಸೂತ್ರವನ್ನು ಕೊನೆಯ ಬೆಂಚಿನ ಹುಡುಗ ಸೂಚಿಸಿದ. ಕಾರಿನವರು ನಿಜಕ್ಕೂ ಹಾಗೇ ಮಾಡುತ್ತಾರಂತೆ. “ಪೂರ್ತಿ ಆಗಲಿ ಅಂತ ಕೂತವರು ಎರಡು ಸಲ ಊಟ ಮಾಡ್ತಾರೆ ಮಿಸ್,” ಎಂದ. ನಮ್ಮ ಚಿಕ್ಕಪ್ಪನಿಗೆ ಈ ಮಾತನ್ನು ಫೋನಿನಲ್ಲಿ ಹೇಳಿದೆ, ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಎರಡನೆಯ ಪಾಠದ ಕೊರತೆಗಳು

ಜೋಡಿ ಅವಧಿಯೂ ಸಾಲಲಿಲ್ಲ. ಪಠ್ಯದ ಅಭ್ಯಾಸದ ಲೆಕ್ಕಗಳಿಗೆ ಸಮಯವೇ ಸಿಗದೆ, ಅವನ್ನು ಮುಂದಿನ ಸೋಮವಾರ ಶಾಲೆಯ ಶಿಕ್ಷಕರೇ ಮಾಡಿಸಬೇಕಾಯಿತು. ಪರೀಕ್ಷೆಯ ವರ್ಷದಲ್ಲಿ ಇದು ಸಣ್ಣ ವಿಷಯವಲ್ಲ, ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಬ್ಯಾಟರಿಯ ಒಳಗಿನ ವಿವರಣೆ ನಾಲ್ಕೈದು ಮಕ್ಕಳನ್ನು ಬಿಟ್ಟರೆ ಉಳಿದವರಿಗೆ ಭಾರವಾಯಿತು. ಮುಂದಿನ ಸಲ ಅದನ್ನು ಬಸ್ಸಿನ ಹೋಲಿಕೆಗೇ ನಿಲ್ಲಿಸಿ, ಕೇಳಿದವರಿಗೆ ಮಾತ್ರ ಮುಂದೆ ಹೇಳುತ್ತೇನೆ. ಒಂದು ಕಾರಿನ, ಒಂದು ಸಂಜೆಯ ವಾಚನಗಳಿಂದಲೇ ನಕ್ಷೆ ಎಳೆದದ್ದೂ ಸರಿಯಲ್ಲ. ಇನ್ನೆರಡು ಕಾರುಗಳ ಹಾಳೆ ಇದ್ದಿದ್ದರೆ ಗೆರೆ ಎಲ್ಲ ಕಾರಿಗೂ 80ರಲ್ಲೇ ಬಗ್ಗುತ್ತದೆಯೇ ಎಂದು ಮಕ್ಕಳೇ ಪರೀಕ್ಷಿಸಬಹುದಿತ್ತು. ಹುಡುಗ ಅಂಥ ಹಾಳೆಗಳನ್ನು ಈಗಲೂ ತುಂಬುತ್ತಿದ್ದಾನಂತೆ, ಈಚೆಗೆ ಹೊರಗಿನ ಬಿಸಿಲನ್ನೂ ಬರೆಯುತ್ತಾನೆ ಎಂದು ವಿಜ್ಞಾನ ಶಿಕ್ಷಕರು ಹೇಳಿದರು.

ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದೆ: “30 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯನ್ನು 3 ಕಿಲೋವ್ಯಾಟ್ ಚಾರ್ಜರಿಗೆ ಹಾಕಿದರೆ ಕನಿಷ್ಠ ಎಷ್ಟು ಹೊತ್ತು ಬೇಕು? ‘ಕನಿಷ್ಠ’ ಎಂದು ಯಾಕೆ ಬರೆದಿದೆ?” ಮೊದಲ ಭಾಗವನ್ನು 35 ಮಕ್ಕಳು ಸರಿಯಾಗಿ ಬರೆದರು, ಎರಡನೆಯದನ್ನು 24 ಮಂದಿ. ಏಳು ಜನ ಇನ್ನೂ ಕಿಲೋವ್ಯಾಟ್ ಇರಬೇಕಾದ ಕಡೆ ಕಿಲೋವ್ಯಾಟ್ ಗಂಟೆ ಬರೆದಿದ್ದಾರೆ. ಬೋಧನಾಭ್ಯಾಸದ ಕೊನೆಯ ಎರಡು ದಿನ ಆ ಏಳು ಜನರನ್ನು ಮಧ್ಯಾಹ್ನದ ಊಟದ ನಂತರ ಶಾಲೆಯ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಒಂದು ಕೊಡ ಮತ್ತು ಗಡಿಯಾರ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡಿದೆವು.